ಏರಿಯ ಬುಡದ ಕೆಂಪು ನೀರು

ಭಾನುವಾರ, 20 ಅಕ್ಟೋಬರ್ 2024

ಸಿಟ್ಟಿನಲ್ಲಿರುವ ನನ್ನ ಅವ್ವನಿಗೆ,

ಪಂಪಿಯ ನಮಸ್ಕಾರ. ಫೋನ್ ಮಾಡಿದರೆ ಕಟ್ ಮಾಡುತ್ತೀ. ಅದಕ್ಕೇ ಟ್ರ್ಯಾಕ್ಟರ್ ಯಲ್ಲೇಶನ ಕೈಯಲ್ಲಿ ಈ ಪತ್ರ. ಹರಿದು ಎಸೆಯುವ ಮೊದಲು ಪೂರ್ತಿ ಓದು.

ನಾಳೆ ಬೆಳಗ್ಗೆ ಕೆರೆಗೆ ಬಾಗಿನ ಬಿಡುವುದು ಬೇಡ. ನೀನು ಮೊರ ಹಿಡಿದು ಮುಂದೆ ನಡೆದರೆ ಊರ ಹೆಂಗಸರೆಲ್ಲ ನಿನ್ನ ಹಿಂದೆ ಕೆರೆಯ ಏರಿ ಹತ್ತುತ್ತಾರೆ. ಏರಿ ತಡೆಯುವುದಿಲ್ಲ ಅವ್ವ.

ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದಷ್ಟು ದಿನ ನಾನೂ ಸುಮ್ಮನಿದ್ದೆ. ಹಳೇ ಏರಿ ಅಂದಮೇಲೆ ಒಂದಿಷ್ಟು ಜಿನುಗುತ್ತದೆ. ಗುರುವಾರದಿಂದ ಕೆಂಪಾಗಿ ಬರುತ್ತಿದೆ. ಅಂದರೆ ನೀರು ಏರಿಯ ಒಳಗಿನ ಮಣ್ಣನ್ನೇ ಕೊರೆದು ತರುತ್ತಿದೆ. ಏರಿ ಕಾಯುವ ಕೊಟ್ರಯ್ಯ ಕಾಕಾ, ಕೆರೆಯ ಗಂಗವ್ವ ಬೆವರುತ್ತಿದ್ದಾಳೆ ಎಂದು ಅರಿಶಿನ ಕುಂಕುಮ ಹಚ್ಚಿ, ತೂತಿಗೆ ಜೇಡಿಮಣ್ಣು ಮೆತ್ತಿಸಿದ್ದಾನೆ. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಆದರೆ ಅಲ್ಲಿ ಮುಚ್ಚಿದರೆ ನೀರು ಒಳಗೇ ಒತ್ತಿ ಇನ್ನೊಂದು ಕಡೆ ಏರಿಯನ್ನೇ ಸೀಳುತ್ತದೆ. ಮೆತ್ತಿದ್ದನ್ನು ತೆಗೆದು ಮೊದಲು ಮರಳು, ಮೇಲೆ ಜಲ್ಲಿ ಹಾಕಬೇಕು. ನೀರು ಹೋಗಬೇಕು, ಮಣ್ಣು ನಿಲ್ಲಬೇಕು.

ಶುಕ್ರವಾರದ ಊರ ಸಭೆಯಲ್ಲಿ ಇದನ್ನೇ ಹೇಳಿದೆ. ಹೊಸಪೇಟೆಯ ಮಣ್ಣಿನ ಲ್ಯಾಬಿಗೆ ಮುಖ್ಯಸ್ಥೆಯಾದ ಮೊದಲ ಹೆಂಗಸು ಎಂದು ನನಗೆ ಶಾಲು ಹೊದಿಸಿದ ಕಾಕಾನೇ ಎದ್ದು ನಿಂತು, "ನಿನ್ನ ಶಾಣೇತನ ಲ್ಯಾಬಿನಾಗ ಇಟ್ಕೋ, ಪಂಪಿ. ಏರಿ ಕಾಯೋದು ನಮಗ ಗೊತ್ತೈತಿ" ಎಂದ. ನಾನು ಎಲ್ಲರೆದುರು ಅವನಿಗೆ, ನಿನಗೇನೂ ಗೊತ್ತಿಲ್ಲ ಅಂದುಬಿಟ್ಟೆ. ಅದಕ್ಕೇ ಅಲ್ಲವೇ ನಿನ್ನ ಸಿಟ್ಟು? ಆಮೇಲೆ ಬೇಕಾದಷ್ಟು ಬೈಸಿಕೊಳ್ಳುತ್ತೇನೆ, ಈಗ ಪುರುಸೊತ್ತಿಲ್ಲ.

ತೂಬು ತೆರೆಸಿ ಕೆರೆಯ ನೀರು ಇಳಿಸೋಣ ಎಂದರೆ ನಮ್ಮ ಇಲಾಖೆಯ ಸಾಹೇಬರು, ಪೂಜೆ ಮುಗಿಯಲಿ, ಅಲ್ಲಿಯತನಕ ಯಾರಿಗೂ ಹೇಳಿ ಗಾಬರಿ ಎಬ್ಬಿಸಬೇಡಿ ಎಂದಿದ್ದಾರೆ. ನಿನಗೆ ಬರೆದದ್ದು ಗೊತ್ತಾದರೆ ನನ್ನ ಕೆಲಸಕ್ಕೇ ಕುತ್ತು. ಸಂಡೂರು ಗುಡ್ಡದ ಮೇಲೆ ಮತ್ತೆ ಮೋಡ ಕಟ್ಟಿದೆ.

ಊರಲ್ಲಿ ನನ್ನ ಮಾತು ನಡೆಯುವುದಿಲ್ಲ, ನಿನ್ನದು ನಡೆಯುತ್ತದೆ. ನನ್ನ ಅಂದಾಜು ತಪ್ಪೂ ಇರಬಹುದು. ತಪ್ಪಾದರೆ ಊರೆಲ್ಲ ನನ್ನನ್ನು ನೋಡಿ ನಗಲಿ. ನನಗೆ ಹೆದರಿಕೆ ಆಗಿದೆ ಅವ್ವ. ಹೆಂಗಸರನ್ನು ಏರಿ ಹತ್ತಿಸಬೇಡ. ತಗ್ಗಿನ ಓಣಿಯವರನ್ನು ಎತ್ತರದ ಗುಡಿಯ ಕಡೆ ಕರೆದುಕೊಂಡು ಹೋಗು.

ಬೈದರೂ ನಿನ್ನವಳೇ,
ಪಂಪಾವತಿ

ತಾ.ಕ.: ನಾನು ಹೊಸಪೇಟೆಯಲ್ಲಿದ್ದೇನೆ ಎಂದು ಯಲ್ಲೇಶ ಹೇಳಿದರೆ ನಂಬಬೇಡ, ಹಾಗೆ ಹೇಳು ಅಂದವಳು ನಾನೇ. ಏರಿಯ ಬುಡದಲ್ಲೇ ಇದ್ದೇನೆ. ಕಾಕಾ ಮೆತ್ತಿಸಿದ ಮಣ್ಣು ಅರ್ಧ ತೆಗೆದಾಯಿತು, ಮರಳು ಇನ್ನೂ ಸಾಲದು. ಬಿಟ್ಟು ಬರುವಂತಿಲ್ಲ. ನಾಳೆ ನೀವು ಮೊರ ಹಿಡಿದು ಮೇಲೆ ನಿಂತರೆ, ಕೆಳಗೆ ನಾನಿರುತ್ತೇನೆ.