ತೋಳಿನ ಒಳಗೆ ಹೊಲಿದ ಮಾತು

ಮಾರ್ಚ್ 3, ಸೋಮವಾರ

ಇವತ್ತೂ ಅಂಗಿಯ ಕಫ್ ಹೊಲಿದದ್ದೇ ಹೊಲಿದದ್ದು. ಎಡಗೈ ಕಫಿನ ಒಳಮಗ್ಗುಲಲ್ಲಿ ಪುಟ್ಟ ಲೇಬಲ್. ‘ಇದ್ದೀಯಾ?’ ಕೆಳಗೆ ಆತ್ಮಹತ್ಯೆ ತಡೆಯುವ ಸಹಾಯವಾಣಿಯ ನಂಬರ್. ತೋಳು ಮಡಚಿದಾಗ ಹಾಕಿಕೊಂಡವರ ಕಣ್ಣಿಗೆ ನೇರ ಕಾಣಬೇಕು, ಎದುರಿನವರಿಗಲ್ಲ. ಹಾಗಾಗಿ ಹೊಲಿಯುವಾಗ ತಲೆಕೆಳಗು. ಕುತ್ತಿಗೆ ಬಿದ್ದುಹೋಯಿತು.

ಸಂಜೆ ಟೀವಿಯವರು ಬಂದಿದ್ದರು. ಅತ್ತಿಗೆಗೆ ಮೈಕು. ನನಗೆ — “ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಮೆಷಿನ್ ಕಾಣ್ಬೇಕು.” ಮೆಷಿನ್ ಕಾಣಬೇಕಂತೆ. ಮೆಷಿನ್ ಮುಂದೆ ಕೂತು ಸಾಯುವವಳು ಬೇಡವಂತೆ!

“ನಮ್ಮ ಯಜಮಾನ್ರು ಮನೆಗೆ ಬಂದಾಗ ಕೇಳ್ತಿದ್ದ ಮಾತು ಇದು” ಅಂದಳು ಕ್ಯಾಮೆರಾಗೆ. ಕಣ್ಣಲ್ಲಿ ನೀರು ಬೇರೆ.

ಅಣ್ಣ ತಾನಾಗಿ ಜೀವ ಕಳೆದುಕೊಂಡು ಎರಡು ವರ್ಷ. ಆ ಮಾತು ಅವನು ಕೇಳುತ್ತಿದ್ದದ್ದು ನನ್ನನ್ನು. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ. ಚಪ್ಪಲಿ ಬಿಡುತ್ತಾ — “ಇದ್ದೀಯೇನೇ?” ಒಳಗಿನಿಂದ ನಾನು — “ಇದ್ದೀನಿ ಕಣೋ.” ನನ್ನ ಪಾಲಿಗೆ ಉಳಿದದ್ದು ಅದೊಂದೇ. ಅದನ್ನೂ ಎತ್ತಿಕೊಂಡು ಬ್ರ್ಯಾಂಡ್ ಮಾಡಿಬಿಟ್ಟಳು.

ಹೊಟ್ಟೆಕಿಚ್ಚು. ಹೌದು, ಅದೇ. ಇಲ್ಲಿ ಯಾರಿಗೆ ಸುಳ್ಳು ಹೇಳಲಿ?

ಮಾರ್ಚ್ 7, ಶುಕ್ರವಾರ

ಕೌನ್ಸೆಲರ್ ಮೇಡಂ ಬಂದಿದ್ದರು. ನಮ್ಮ ಶೆಡ್ಡಿನಲ್ಲಿ ಹೊಲಿಯುವವರೆಲ್ಲ ಈ ಟ್ರೇನಿಂಗ್ ಮಾಡಲೇಬೇಕು — ಅತ್ತಿಗೆಯ ಕಾನೂನು. ವರ್ಷಕ್ಕೊಮ್ಮೆ ಹಳಬರಿಗೂ. ಜೋಡಿಯಾಗಿ ಎದುರುಬದುರು ಕೂತು, ಕಣ್ಣು ನೋಡಿ, ಸುತ್ತಿಬಳಸದೆ ಕೇಳಬೇಕು — “ಸಾಯ್ಬೇಕು ಅಂತ ಅನ್ನಿಸ್ತಾ ಇದೆಯಾ?”

“ಕೇಳಿದ್ರೆ ಇಲ್ಲದ ಯೋಚನೆ ತುಂಬಿದ ಹಾಗಾಗುತ್ತೆ ಅನ್ನೋದು ಸುಳ್ಳು” ಅಂದರು ಮೇಡಂ. “ಯಾರಾದ್ರೂ ಕೇಳ್ಲಿ ಅಂತಾನೇ ಎಷ್ಟೋ ಜನ ಕಾಯ್ತಿರ್ತಾರೆ.”

ನನ್ನ ಜೋಡಿ ಓವರ್‌ಲಾಕ್ ಅಕ್ಕ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಬಿಟ್ಟು ಏಳದವಳು, ಅದಕ್ಕೇ ಆ ಹೆಸರು. ಕೇಳಿದೆ. “ಸಾಯೋಕೆ ಪುರುಸೊತ್ತೆಲ್ಲಿದೆ ಕಣೇ? ಅಷ್ಟೊಂದು ಕಾಲರ್ ಬಿದ್ದಿದೆ” ಅಂದಳು. ಮೇಡಂ ಕೂಡ ನಕ್ಕುಬಿಟ್ಟರು.

ನಾವು ಒಂಬತ್ತು ಜನ. ಅತ್ತಿಗೆಗೆ ಜೋಡಿ ಸಿಗಲಿಲ್ಲ. “ನಂದು ಬಿಡಿ, ನಂಗೆ ಗೊತ್ತಿರೋದೇ” ಅಂದಳು. ಮಹಾರಾಣಿ! ಪರೀಕ್ಷೆ ಎಲ್ಲ ನಮಗೆ.

ಮಾರ್ಚ್ 16, ಭಾನುವಾರ

ಅಮ್ಮ — “ನಿನ್ನ ಅತ್ತಿಗೆ ಸೊರಗಿಹೋಗಿದ್ದಾಳೆ ಕಣೇ. ತಟ್ಟೇಲಿ ಹಾಕಿದ್ದು ಹಾಗೇ ಇರುತ್ತೆ.”

“ಫೋಟೋದಲ್ಲಿ ಸಣ್ಣಗೆ ಕಾಣ್ಬೇಕಲ್ಲಮ್ಮ” ಅಂದೆ.

ದುರುಗುಟ್ಟಿ ನೋಡಿದಳು. ನಾನು ಸೊರಗಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಮನೆಯ ಮಗಳು ನಾನೋ, ಅವಳೋ?

ಮಾರ್ಚ್ 20, ಗುರುವಾರ

ಆಶ್ಚರ್ಯ. ಅತ್ತಿಗೆ ತನ್ನ ಕತ್ತರಿ ನನಗೆ ಕೊಟ್ಟಳು! ಕಟಿಂಗ್ ಕಲಿಯುವಾಗ ಕೊಂಡದ್ದು. ಕಾಗದ ಕತ್ತರಿಸುವುದಿರಲಿ, ಮುಟ್ಟಿದರೂ ಬೈಯುತ್ತಿದ್ದಳು. ನಾನು ಇದರ ಮೇಲೆ ಕಣ್ಣು ಹಾಕಿದ್ದು ಅವಳಿಗೆ ಗೊತ್ತಿತ್ತು ಅಂತ ಕಾಣುತ್ತೆ.

“ನೀನೇ ಇಟ್ಕೋ. ನಂಗಿನ್ನು ಯಾಕೆ?”

ಯಾಕೆ ಬೇಕು ಪಾಪ. ಈಗ ಅವಳದು ಬರೀ ಮೈಕು ಹಿಡಿಯುವ ಕೈ. ದೊಡ್ಡಸ್ತಿಕೆ ತೋರಿಸಲು ಕೊಟ್ಟದ್ದು. ಆದರೂ... ಬಟ್ಟೆ ಬೆಣ್ಣೆಯ ಹಾಗೆ ಕತ್ತರಿಸುತ್ತದೆ.

ಮಾರ್ಚ್ 27, ಗುರುವಾರ

ಅತ್ತಿಗೆ ಇಡೀ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. ಬಟನ್ ಯಾರು ಕೊಡುತ್ತಾರೆ, ಯಾವ ಅಂಗಡಿಯವನು ಸತಾಯಿಸುತ್ತಾನೆ, ಕಂಪ್ಯೂಟರ್ ಪಾಸ್‌ವರ್ಡ್, ಎಲ್ಲ. ಮುಂದಿನ ವಾರ ಹೊಸಬರ ಟ್ರೇನಿಂಗೂ ನನ್ನ ತಲೆಗೇ. “ನೀನು ನನಗಿಂತ ಚೆನ್ನಾಗಿ ನಡೆಸ್ತೀಯ” ಅಂದಳು.

ಕತ್ತೆ ದುಡಿತ ನನಗೆ, ಹೆಸರು ಅವಳಿಗೆ.

ಏಪ್ರಿಲ್ 1, ಮಂಗಳವಾರ

ನಮ್ಮ ಅಂಗಿಗೆ ಪ್ರಶಸ್ತಿ. ನಮ್ಮ ಅಂದರೆ ಅವಳ. ಕಾಗದದಲ್ಲಿ ಒಂದೇ ಹೆಸರು.

ಬೆಳಿಗ್ಗೆಯಿಂದ ಗುನುಗುತ್ತಾ ಓಡಾಡುತ್ತಿದ್ದಾಳೆ. ಓವರ್‌ಲಾಕ್ ಅಕ್ಕನ ಕೆನ್ನೆ ಹಿಂಡಿದಳು. ಅಮ್ಮ — “ಅಬ್ಬ, ಅವಳು ನಕ್ಕು ಎಷ್ಟು ಕಾಲ ಆಗಿತ್ತು! ಮೋಡ ಸರಿದ ಹಾಗಾಯ್ತು.”

ಗೆದ್ದವಳು ನಗದೆ ಇನ್ನೇನು? ಎರಡು ಸಲ ಸೂಜಿ ಚುಚ್ಚಿಕೊಂಡೆ. ಅವಳನ್ನೇ ನೋಡುತ್ತಿದ್ದೆ, ಅದಕ್ಕೆ.

ಏಪ್ರಿಲ್ 5, ಶನಿವಾರ

ಈಗ ಬರೆಯುತ್ತೇನೆ.

ಗುರುವಾರ ಬೆಳಿಗ್ಗೆ ಹೊಸ ಟೈಲರ್‌ಗಳ ಮುಂದೆ ನಿಂತಿದ್ದೆ. ನಮ್ಮದೇ ಅಂಗಿ ಹಾಕಿಕೊಂಡು, ಮೇಡಂ ಅನ್ನಿಸಿಕೊಂಡು, ಜಂಬದಿಂದ. ಕೌನ್ಸೆಲರ್ ಮೇಡಂ ಹೇಳಿಕೊಟ್ಟದ್ದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೆ. ಯಾರನ್ನು ಗಮನಿಸಬೇಕು? ಊಟ ಬಿಟ್ಟವರನ್ನು. ತಮ್ಮ ಕೆಲಸವೆಲ್ಲ ಇನ್ನೊಬ್ಬರಿಗೆ ಒಪ್ಪಿಸುವವರನ್ನು. ಜೀವದ ಹಾಗೆ ಇಟ್ಟುಕೊಂಡ ವಸ್ತುವನ್ನು ಕೊಟ್ಟುಬಿಡುವವರನ್ನು...

ಕತ್ತರಿ ನನ್ನ ಕೈಯಲ್ಲೇ ಇತ್ತು.

ಇನ್ನೊಂದು ಹೇಳುವುದಿತ್ತು. ಒದ್ದಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಹಗುರಾಗಿ ನಗತೊಡಗಿದರೆ... ಹೇಳಲಿಲ್ಲ. ಓಡಿದೆ. ಚಪ್ಪಲಿಯೂ ಹಾಕಿಕೊಳ್ಳಲಿಲ್ಲ.

ತಿಂಗಳೆಲ್ಲ ಅವಳನ್ನೇ ನೋಡಿದವಳು ನಾನು. ಅವಳ ತಟ್ಟೆ, ಅವಳ ನಗು, ಎಲ್ಲ ನೋಡಿದೆ. ಉರಿದುಕೊಂಡು ನೋಡಿದೆ.

ರೂಮಿನಲ್ಲಿ ಬೀರು ಖಾಲಿ ಮಾಡಿ, ಬಟ್ಟೆ ಮಡಚಿಟ್ಟು ಕೂತಿದ್ದಳು.

“ಇಷ್ಟು ಬೇಗ ಮುಗೀತಾ ಟ್ರೇನಿಂಗು?” ಅಂದಳು.

ಎದುರಿಗೆ ಕೂತೆ. ಓವರ್‌ಲಾಕ್ ಅಕ್ಕನನ್ನು ಎಷ್ಟು ಸಲೀಸಾಗಿ ಕೇಳಿದ್ದೆ! ಈಗ ಅವಳ ಕಣ್ಣು ನೋಡುವುದೇ ಕಷ್ಟವಾಯಿತು.

“ಅತ್ತಿಗೆ... ಸಾಯ್ಬೇಕು ಅಂತ ಅನ್ನಿಸ್ತಾ ಇದೆಯಾ ನಿಮಗೆ?”

ಗದರುತ್ತಾಳೆ ಅಂದುಕೊಂಡೆ. ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿ ಮಡಚಿದಳು. ಆಮೇಲೆ — “ಹೂಂ.”

ಅವಳ ಮಣಿಕಟ್ಟು ಹಿಡಿದುಕೊಂಡೆ, ಬಿಡಲಿಲ್ಲ. ಫೋನ್ ಮಾಡಬೇಕು. ದಿನವೂ ಹೊಲಿಯುವ ನಂಬರ್ — ಒಂದಂಕಿಯೂ ನೆನಪಿಗೆ ಬರಲಿಲ್ಲ. ಅಂಗಿಯ ತೋಳು ಮಡಚಿದೆ. ನೇರವಾಗಿ ಕಾಣಿಸಿತು.

ಕೌನ್ಸೆಲರ್ ಮೇಡಂ ಬರುವ ತನಕ ಆ ಕಡೆಯ ಹೆಂಗಸು ಲೈನಿನಲ್ಲೇ ಇದ್ದರು. ಆಮೇಲೆ ಆಸ್ಪತ್ರೆ. ನಿನ್ನೆ ಸಂಜೆ ಮನೆಗೆ ಕಳಿಸಿದರು. ಒಬ್ಬಳೇ ಇರಕೂಡದು ಅಂದಿದ್ದಾರೆ.

ಕಾರಿನಲ್ಲಿ ಅವಳಾಗೇ ಹೇಳಿದಳು. “ಅವ್ರು ನನ್ನನ್ನ ಯಾವತ್ತೂ ಹಾಗೆ ಕೇಳ್ಲಿಲ್ಲ ಕಣೇ. ನಿನ್ನನ್ನೇ ಕೇಳ್ತಿದ್ರು. ನಾನು ಅಡುಗೆಮನೇಲಿ ನಿಂತು ಕೇಳಿಸ್ಕೋತಿದ್ದೆ. ಹೊಟ್ಟೆ ಉರೀತಿತ್ತು ನಂಗೆ. ಅಂಗಿ ಮೇಲೆ ಹಾಕಿದ್ರೆ ಯಾರಾದ್ರೂ ಒಬ್ರು ನನ್ನನ್ನೂ...”

ಇಬ್ಬರೂ ಅತ್ತೆವು. ಡ್ರೈವರ್ ಪಾಪ ರೇಡಿಯೋ ಆರಿಸಿದ.

ಏಪ್ರಿಲ್ 9, ಬುಧವಾರ, ಬೆಳಿಗ್ಗೆ

ನನ್ನ ಹಾಸಿಗೆ ಈಗ ಅವಳ ರೂಮಿನಲ್ಲಿ. ಮಾತ್ರೆ ಅಮ್ಮನ ವಶದಲ್ಲಿ. ಇವತ್ತು ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು.

ಕತ್ತರಿ ವಾಪಸ್ ಕೊಡಲು ಹೋದೆ. “ಸದ್ಯಕ್ಕೆ ನಿನ್ನ ಹತ್ರಾನೇ ಇರ್ಲಿ. ಆಮೇಲೆ ಇಸ್ಕೋತೀನಿ” ಅಂದಳು. ಆಮೇಲೆ ಅಂದಳು! ಅಮ್ಮನಿಗೂ ಹೇಳಿದೆ.

ಅಮ್ಮ ಅವಳಿಗೆ ಕೈತುತ್ತು ಹಾಕುತ್ತಿದ್ದಾಳೆ. ನನಗೆ “ನೀನೇ ಬಡಿಸ್ಕೋ.” ಉರಿ ಇನ್ನೂ ಪೂರ್ತಿ ಆರಿಲ್ಲ, ನಿಜ ಹೇಳಬೇಕೆಂದರೆ.

ಸ್ನಾನಕ್ಕೆ ಹೋಗಿದ್ದಾಳೆ. ಚಿಲಕ ಹಾಕಬೇಡಿ ಅಂದಿದ್ದೇನೆ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಆಗಾಗ ಕೂಗುತ್ತೇನೆ — “ಅತ್ತಿಗೆ, ಇದ್ದೀರಾ?”

“ಇದ್ದೀನಿ ತಾಯಿ! ಸೋಪು ಹಚ್ಕೊಳೋಕಾದ್ರೂ ಬಿಡು.”

ನೀರಿನ ಸದ್ದು ನಿಂತಿತು. ಮತ್ತೆ ಕೂಗಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅವಳೇ —

“ಇದ್ದೀಯೇನೇ?”

ಇದ್ದೀನಿ ಅತ್ತಿಗೆ, ಇದ್ದೀನಿ.