ಗಣಿಯ ತಳದ ‘ಇಲ್ಲ’

ನನ್ನ ಮುದ್ದಿನ ತಂಗೀ, ಪಾತಾಳದ ರಾಣೀ,

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಗಂಟಲೊಂದು ಕೈಕೊಟ್ಟಿದೆ. ಅದಕ್ಕೇ ಕಾಗದದಲ್ಲಿ ಕೂಗುತ್ತಿದ್ದೇನೆ, ಕೇಳಿಸಿಕೋ.

ನಿವೃತ್ತಿಯ ದಿನ ಭಾಷಣ ಮಾಡುವುದಿಲ್ಲವಂತೆ ನೀನು. ಜೀವಮಾನವೆಲ್ಲ ಹುಡುಕಿ ಏನೂ ಸಿಗದವಳು ಏನು ಮಾತಾಡಲಿ ಅಂತ ಬರೆದಿದ್ದೀಯ. ಭಲೇ!

ಅಪ್ಪನ ನಾಟಕ ಕಂಪನಿಯಲ್ಲಿ ನಾನು ಮರದ ಕತ್ತಿ ಹಿಡಿದು ಅಬ್ಬರಿಸುವಾಗ, ನೀನು ಪರದೆಯ ಹಿಂದೆ ದೀಪಕ್ಕೆ ಕೈ ಅಡ್ಡ ಹಿಡಿದು, ನೆರಳಿನ ಅಂಚು ಯಾಕೆ ಮಸುಕು ಅಂತ ಅಪ್ಪನ ಜೀವ ತಿನ್ನುತ್ತಿದ್ದೆ. ಇವಳನ್ನು ಓದಿಸದಿದ್ದರೆ ನಮ್ಮ ದೀಪ ಉಳಿಯಲ್ಲ ಅಂದರು ಅಪ್ಪ. ನೀನು ಓದಿದೆ, ಭೌತವಿಜ್ಞಾನಿಯಾದೆ. ಮುಚ್ಚಿದ ಗಣಿಯ ತಳದಲ್ಲಿ ಯಂತ್ರವಿಟ್ಟು, ಯಾರೂ ಕಂಡಿರದ ಒಂದು ಕಣಕ್ಕಾಗಿ ಕಾದು ಕೂತೆ. ಕೂದಲು ಅಲ್ಲೇ ನರೆಯಿತು.

ನಿಮ್ಮಲ್ಲೊಂದು ಪದ್ಧತಿಯಿದೆಯಲ್ಲ, ಲೆಕ್ಕದ ನಿಯಮವೆಲ್ಲ ನಿಗದಿಯಾಗುವ ತನಕ ಉತ್ತರವನ್ನು ನಿಮ್ಮಿಂದಲೇ ಮುಚ್ಚಿಡುವುದು, ಆಸೆ ಕಣ್ಣು ಕಟ್ಟಬಾರದು ಅಂತ. ಅದನ್ನು ತೆರೆಯುವ ದಿನ ನಾನೂ ಬಂದಿದ್ದೆ, ಹೊಸ ಕೋಟು ಹಾಕಿಕೊಂಡು, ಚಪ್ಪಾಳೆಗೆ ತಯಾರಾಗಿ. ಕಂಪ್ಯೂಟರಿನಲ್ಲಿ ಗೆರೆ ಚಪ್ಪಟೆಯಾಗಿ ಮಲಗಿತ್ತು. ಕಣವಿಲ್ಲ. ಏನೂ ಸಿಗದಿದ್ದರೆ ಗಣಿಗೆ ಬೀಗ ಅಂತ ಮೇಲಿನವರು ಮೊದಲೇ ಹೇಳಿದ್ದರು. ನಿನ್ನ ಜೊತೆಗಾರ, ಆ ಗಡ್ಡದ ಪ್ರೊಫೆಸರು, ಮೆಲ್ಲಗೆ ಅಂದರು: “ಮೇಡಂ, ಲೆಕ್ಕಕ್ಕೆ ಇಟ್ಟ ಆ ಮಿತೀನ ಒಂಚೂರು ಸರಿಸಿದ್ರೆ ಏನೋ ಕಾಣುತ್ತೆ.” ಕೆಟ್ಟವರಲ್ಲ ಪಾಪ, ಅವರೂ ನಿನ್ನಷ್ಟೇ ಸವೆದಿದ್ದರು.

ನೀನು ನನ್ನ ಕಡೆ ತಿರುಗಿದೆ. “ಅಣ್ಣಾ, ಪರದೆ ಎದ್ದ ಮೇಲೆ ವೇಷ ಬದಲಾಯಿಸ್ತಾರಾ?”

ಇಲ್ಲವೆಂದು ತಲೆಯಾಡಿಸಿದೆ, ಮೂರು ಬೀದಿಯಾಚೆಗೆ ಕೇಳುವ ಗಂಟಲಿನ ನಾನು!

“ಹಾಗಾದ್ರೆ ಇಲ್ಲ ಅಂತಾನೇ ಬರೀರಿ,” ಅಂದೆ ನೀನು ಪ್ರೊಫೆಸರಿಗೆ. ಬರೆದರು. ಗಣಿಗೆ ಬೀಗ ಬಿತ್ತು. ನೀನು ಪಾಠ ಹೇಳಲು ಕಾಲೇಜಿಗೆ ಹೋದೆ.

ಮುಂದೆ ಬೇರೊಂದು ಭಾರೀ ಪ್ರಯೋಗಾಲಯದವರು ಆ ಕಣ ಸಿಕ್ಕಿತೆಂದು ಡಂಗುರ ಸಾರಿದಾಗ ಅಡ್ಡ ನಿಂತದ್ದು ಯಾವುದು? ನಿನ್ನ ‘ಇಲ್ಲ’. ಅದನ್ನು ದಾಟಲಾಗದೆ ಮತ್ತೆ ಪರೀಕ್ಷಿಸಿದರು. ಅವರು ಕಣವೆಂದುಕೊಂಡದ್ದು ಅವರ ಯಂತ್ರದ್ದೇ ಗದ್ದಲವಾಗಿತ್ತು. ಹೇಳಿದ್ದನ್ನು ವಾಪಸು ತೆಗೆದುಕೊಂಡರು. ನೀನು ಆ ಸುದ್ದಿಯನ್ನು ನನಗೆ ಹೇಳಿದ್ದು ಫೋನಿಡುವ ಮುಂಚೆ, ಹವಾಮಾನ ಹೇಳುವ ಹಾಗೆ.

ಆದ್ದರಿಂದ ಹೋಗು, ತಾಯಿ. ಹುಡುಕಿದೆ, ಇಲ್ಲ, ಅಂತಲೇ ಹೇಳು. ತೊದಲಬೇಡ, ಕೊನೆಯ ಸಾಲಿಗೂ ಕೇಳಬೇಕು. ಅಲ್ಲಿ ನಾನು ಕೂತಿರುತ್ತೇನೆ, ಅದೇ ಕೋಟಿನಲ್ಲಿ. ಗಂಟಲು ಹೋದರೇನು, ಅಂದು ತಟ್ಟದೆ ಉಳಿಸಿಕೊಂಡ ಚಪ್ಪಾಳೆ ನನ್ನ ಕೈಯಲ್ಲೇ ಇದೆ.

ನಿನ್ನ ದನಿ ನೂರು ಕಾಲ ಗಟ್ಟಿಯಾಗಿರಲಿ ಎಂದು ಹರಸುವ,
ನಿನ್ನ ಗದ್ದಲದ ಅಣ್ಣ