ತಮ್ಮನ ಕಾರಿನ ವಿಚಾರ

ಭಾನುವಾರ, ಮಾರ್ಚ್ ೧೬

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಇಲ್ಲಿ ಕ್ಷೇಮ ಎಂದು ಬರೆಯಬೇಕು. ಕೈಕಾಲು ಆಡುತ್ತಿವೆ, ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ, ಅಷ್ಟನ್ನೇ ಕ್ಷೇಮ ಎಂದುಕೊಂಡುಬಿಡು. ನೀನು, ಮಗು, ನಿನ್ನ ತಾಯಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದ ಮೇಲೆ ಚಳಿಗಾಲವೇ ಕಳೆದುಹೋಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ತಮ್ಮನ ವಿಷಯ ಬಂದರೆ ನಾನು ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋಗುತ್ತೇನೆ, ನೀನು ಆ ಕಡೆಯಿಂದ ಹಲೋ ಹಲೋ ಅನ್ನುತ್ತಿರುತ್ತೀಯ.

ನೀನು ಕೇಳಿದ್ದು ಒಂದೇ ಮಾತು. ನನ್ನ ತಮ್ಮ ಬಿಟ್ಟುಹೋದ ಕಾರನ್ನು ಮಗುವಿಗೆಂದು ಇಟ್ಟುಕೊಳ್ಳುವುದೋ, ಮಾರುವುದೋ? ಅವನು ಹೇಳುತ್ತಿದ್ದ ಹಾಗೆ ಅದು ಮುಂದೆ ನಿಜವಾಗಿಯೂ ಕ್ಲಾಸಿಕ್ ಆಗುತ್ತದೆಯೇ? ಮಗಳು ದೊಡ್ಡವಳಾಗುವ ಹೊತ್ತಿಗೆ ಜನ ದಾರಿಯಲ್ಲಿ ನಿಂತು ನೋಡುವಂಥದ್ದು?

ಹರಾಜಿನ ಅಂಗಳದಲ್ಲಿ ಗಾಡಿಗಳಿಗೆ ಬೆಲೆ ಕಟ್ಟುವುದೇ ನನ್ನ ಹೊಟ್ಟೆಪಾಡು. ಬಾಗಿಲು ಹಾಕಿದ ಸದ್ದಿನಲ್ಲೇ ನನಗೆ ಅರ್ಧ ಬೆಲೆ ಗೊತ್ತಾಗುತ್ತದೆ. ಈ ಕಾರಿನ ಮುಂದೆ ನಿಂತರೆ ಮಾತ್ರ ಕಲಿತ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆ. ಓಡಿಸುವವನ ಸೀಟಿನ ಅಂಚು ಸವೆದಿದೆ. ಬೇರೆಯವರದಾಗಿದ್ದರೆ ದೋಷ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಇಲ್ಲಿ ಅದು ಅವನು ಇಳಿಯುವಾಗ ತೊಡೆ ಒರಸುತ್ತಿದ್ದ ಜಾಗ. ಅದಕ್ಕೆ ಎಷ್ಟು ಕಳೆಯಲಿ?

ಅದಕ್ಕೇ ಮೀಸೆಯವರನ್ನು ಕರೆಸಿದೆ. ಹಳೆಯ ಕಾರುಗಳನ್ನು ಕೊಂಡು, ರಿಪೇರಿ ಮಾಡಿಸಿ, ಮಕ್ಕಳ ಹಾಗೆ ಸಾಕುವವರು. ಆ ಮೀಸೆಯಿಂದಲೇ ಊರಿಗೆಲ್ಲ ಗುರುತು. ಅವರು ಸುತ್ತು ಹಾಕಿ, ಮಂಡಿಯೂರಿ ಕೆಳಗೆ ಇಣುಕಿ, ಕೈಗೆ ಹತ್ತಿದ ಧೂಳು ಕೊಡವಿಕೊಂಡು ಕೂತರು. ಕೈಯಲ್ಲಿ ಗೇರ್ ಹಾಕಿಕೊಂಡು ಓಡಿಸುವ, ಇಷ್ಟು ದೊಡ್ಡ ಪೆಟ್ರೋಲ್ ಎಂಜಿನ್ನಿನ ಗಾಡಿಗಳಲ್ಲಿ ಇದೇ ಕೊನೆಯ ತಲೆಮಾರು ಅಂದರು. ಇನ್ನು ಬರುವುದೆಲ್ಲ ಬ್ಯಾಟರಿಯ ಮೂಕ ಗಾಡಿಗಳು, ಆಗ ಈ ಸದ್ದಿಗಾಗಿ ಜನ ಬಾಯಿ ಬಾಯಿ ಬಿಡುತ್ತಾರೆ ಅಂದರು. ನನ್ನ ಜೀವ ಸ್ವಲ್ಪ ಹಗುರವಾಯಿತು. ಆಮೇಲೆ ಇನ್ನೊಂದು ಮುಖ ತೋರಿಸಿದರು. ಅಜ್ಜನ ಕಾಲದ ಕಾರಿಗೆ ಭಾಗ ಸಿಗದಿದ್ದರೆ ಲೇತ್ ಕೆಲಸದವನು ಕಡೆದು ಕೊಡುತ್ತಾನೆ. ಇದರ ತುಂಬ ಕಂಪ್ಯೂಟರ್ ಪೆಟ್ಟಿಗೆಗಳು. ಕಂಪನಿ ಕೈಬಿಟ್ಟ ದಿನ ಅದನ್ನು ಬ್ರಹ್ಮನೂ ರಿಪೇರಿ ಮಾಡಲಾರ.

"ಇನ್ನೂ ಒಂದಿದೆ," ಅಂದರು. "ಇದೇ ಗಾಡಿ ಸಾವಿರಾರು ಇವೆ. ಅಪರೂಪ ಅಂತ ಆಗಬೇಕಾದ್ರೆ ಮಿಕ್ಕಿದ್ದೆಲ್ಲ ಗುದ್ದಿಕೊಂಡು ಹೋಗಬೇಕು. ಹೋಗ್ತಾನೂ ಇವೆ. ಹುಡುಗರ ಕೈಲಿ ಇರೋದಲ್ವಾ."

ಹೇಳಿದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಅವರು ಅಂಜಬೇಕಾಗಿರಲಿಲ್ಲ. ನನ್ನ ತಮ್ಮ ಕಾರಿಗೆ ಒಂದು ಗೀರೂ ಬೀಳಿಸದೆ, ರಕ್ತದ ಕಾಯಿಲೆಯಲ್ಲಿ ಹಾಸಿಗೆಯ ಮೇಲೆ ಹೋದವನು.

ಆಸ್ಪತ್ರೆಯ ಆ ಮಧ್ಯಾಹ್ನ ನಿನಗೆ ನೆನಪಿದೆಯೇ? ಅವನು ಹಠ ಹಿಡಿದನೆಂದು ನಾನು ಕಾರನ್ನು ಕಿಟಕಿಯ ಕೆಳಗೆ ತಂದು ನಿಲ್ಲಿಸಿ, ವಾಚ್‌ಮನ್ ಓಡಿ ಬರುವುದರೊಳಗೆ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದ್ದೆ. ಮೇಲೆ ಬಂದಾಗ ನೀನು ಅಳುತ್ತಿದ್ದೆ, ಅವನು ಕಣ್ಣು ಮುಚ್ಚಿಕೊಂಡಿದ್ದ. ಕೇಳಿಸಿತೇನೋ ಎಂದೆ. "ಕೇಳಿಸ್ತು ಅಕ್ಕ. ಒಂದು ಪ್ಲಗ್ಗು ಸರಿಯಿಲ್ಲ," ಅಂದ. ನೀನು ಅಳುತ್ತಲೇ ನಕ್ಕುಬಿಟ್ಟೆ. ಅವನೂ ನಕ್ಕ. ಆಮೇಲೆ ಅವನು ನಕ್ಕದ್ದನ್ನು ನಾನು ನೋಡಲಿಲ್ಲ. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡುತ್ತಿರು ಎಂದಿದ್ದ. ಪ್ಲಗ್ ಬದಲಾಯಿಸಿ, ಪ್ರತಿ ಭಾನುವಾರ ಮಾಡುತ್ತಾ ಬಂದೆ.

ಈ ಜನವರಿಯಲ್ಲಿ ಒಂದು ಭಾನುವಾರ ಅದು ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಇಲಿಯ ಗೂಡು, ಅದರಲ್ಲಿ ಕಣ್ಣು ಬಿಡದ ಮರಿಗಳು. ಹೊದಿಕೆ ಹೊದಿಸಿ, ಒರೆಸಿ, ಕಾದು ನಾನು ಜೋಪಾನ ಮಾಡಿದ್ದು ಇಲಿಯ ಬಾಣಂತನಕ್ಕೆ ಆಯಿತು. ವೈರುಗಳನ್ನು ಕಡಿದು ಹಾಕಿತ್ತು. ಒಂದಕ್ಕೊಂದು ತಾಗಿ, ಎಂಜಿನ್ ನಡೆಸುವ ಮುಖ್ಯ ಪೆಟ್ಟಿಗೆಯೇ ಸುಟ್ಟುಹೋಗಿತ್ತು. ಕಂಪನಿಯ ವರ್ಕ್‌ಶಾಪಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಆ ಪೆಟ್ಟಿಗೆ ಈಗ ತಯಾರಾಗುವುದಿಲ್ಲವಂತೆ. ಅಪಘಾತವಾದ ಗಾಡಿಯಿಂದ ಕಿತ್ತು ಹಾಕಿ ನೋಡಿ, ನಾವು ಭರವಸೆ ಕೊಡುವುದಿಲ್ಲ ಎಂದರು.

ನಮ್ಮ ಹರಾಜಿನ ಅಂಗಳಕ್ಕೆ ಗುದ್ದಿದ ಗಾಡಿಗಳು ಬರುತ್ತಲೇ ಇರುತ್ತವೆ. ಕಳೆದ ತಿಂಗಳು ಅದೇ ಮಾದರಿಯ ಬಿಳಿಯದೊಂದು ಬಂತು. ಒಂದು ಮಗ್ಗುಲು ಇರಲೇ ಇಲ್ಲ, ನನಗೆ ಬೇಕಾದ ಪೆಟ್ಟಿಗೆ ಇರುವ ಮೂಲೆ ಮಾತ್ರ ನೆಟ್ಟಗಿತ್ತು. ಮೇಲಿನವರ ಒಪ್ಪಿಗೆ ಪಡೆದು ಸ್ಪ್ಯಾನರ್ ಹಿಡಿದುಕೊಂಡು ಹೋದೆ. ಆಗಲೇ ಒಬ್ಬರು ಬಾಗಿಲಿನ ಸಂದಿಯಲ್ಲಿ ಬಗ್ಗಿ ಒಳಗಿನ ಸಾಮಾನು ಆರಿಸುತ್ತಿದ್ದರು. ಓಡಿಸುತ್ತಿದ್ದ ಹುಡುಗನ ತಂದೆ. ದರ್ಜಿ ಕೆಲಸದವರಂತೆ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೊಡೆ, ಕನ್ನಡಕದ ಡಬ್ಬಿ, ಒಂಟಿ ಶೂ. ಸ್ಪ್ಯಾನರ್ ಯಾಕೆ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ತಮ್ಮನ ವಿಷಯ, ಕಾರಿನ ವಿಷಯ, ಇಲಿಯ ವಿಷಯ, ಎಲ್ಲ ಹೇಳಿದೆ. ಚೀಲ ಎದೆಗೆ ಒತ್ತಿಕೊಂಡು ಕೇಳಿದರು.

"ಇದು ಹಾಕಿದ್ರೆ ನಿಮ್ಮದು ಓಡುತ್ತಾ?"

"ಓಡಬಹುದು."

"ತಗೊಳ್ಳಿ ಅಮ್ಮ ಹಾಗಾದ್ರೆ. ಎರಡರಲ್ಲಿ ಒಂದಾದ್ರೂ ಓಡಲಿ."

ನಾನು ಬೋಲ್ಟು ಬಿಚ್ಚುವ ತನಕ ನಜ್ಜುಗುಜ್ಜಾದ ಬಾನೆಟ್ಟನ್ನು ಅವರೇ ಎತ್ತಿ ಹಿಡಿದಿದ್ದರು. ತಗಡು ಅಂಗೈ ಕೊಯ್ದು ರಕ್ತ ಮೊಣಕೈವರೆಗೆ ಇಳಿಯಿತು. ನಾನು ಹೇಳುವವರೆಗೂ ಅವರಿಗೆ ಗೊತ್ತಾಗಲಿಲ್ಲ.

ಮೀಸೆಯವರ ಮೆಕ್ಯಾನಿಕ್ ಬಂದು ವೈರೆಲ್ಲ ಸರಿಮಾಡಿ ಆ ಪೆಟ್ಟಿಗೆ ಕೂರಿಸಿದ. ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹತ್ತಿದವು, ಎಂಜಿನ್ ಮಿಸುಕಲಿಲ್ಲ. ಪೆಟ್ಟಿಗೆ ತನ್ನ ಗಾಡಿಯ ಕೀಲಿಯನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲವಂತೆ, ಕಳ್ಳರ ಭಯಕ್ಕೆ ಹಾಗೆ ಮಾಡಿರುತ್ತಾರಂತೆ. ಬೇರೆ ಕೀಲಿಯನ್ನು ಅದಕ್ಕೆ ಒಪ್ಪಿಸುವ ಏರ್ಪಾಡನ್ನು ಕಂಪನಿ ನಿಲ್ಲಿಸಿಬಿಟ್ಟಿದೆ. ಆ ಬಿಳಿ ಗಾಡಿಯ ಕೀಲಿ ಸ್ಟೀರಿಂಗಿನ ಜೊತೆಗೇ ನುಚ್ಚಾಗಿತ್ತು. ಮನೆಯಲ್ಲಿ ಇನ್ನೊಂದು ಇರಬಹುದೇ ಎಂದು ದರ್ಜಿಯವರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ "ಓಡಿತಾ ಅಮ್ಮ?" ಎಂದರು. ಇಲ್ಲ ಎನ್ನಬೇಕಾಯಿತು. ಇನ್ನೊಂದು ಕೀಲಿಯನ್ನು ಮಗ ಹಿಂದೆಯೇ ಕಳೆದಿದ್ದನಂತೆ. ಆಮೇಲೂ ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

ಆದ್ದರಿಂದ ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರ ಇದು. ಈ ಮಾದರಿ ಕ್ಲಾಸಿಕ್ ಆಗಬಹುದು. ಆಳುಕಾಳು ಇಟ್ಟು, ಗಾಳಿ ಬೆಳಕು ಅಳೆದು ಸಾಕುವವರ ಮನೆಯಲ್ಲಿ ಒಂದೆರಡು ಉಳಿದುಕೊಳ್ಳುತ್ತವೆ, ಜನ ನಿಂತು ನೋಡುತ್ತಾರೆ. ನಮ್ಮದು ಆಗುವುದಿಲ್ಲ. ಅಂಥ ಉಳಿದವುಗಳಿಗೆ ಬಾಗಿಲು, ಗಾಜು, ಗೇರ್ ಪೆಟ್ಟಿಗೆ ಕೊಡುವುದಕ್ಕೆ ನಮ್ಮದು ಆಗುತ್ತದೆ. ಮೀಸೆಯವರು ಬಿಡಿಭಾಗಗಳ ಲೆಕ್ಕದಲ್ಲಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಜೊತೆಗಿಟ್ಟ ಮಾರಾಟದ ಕಾಗದ ನಿನ್ನ ಸಹಿಯೊಂದಿಗೆ ಮುಂದಿನ ಶನಿವಾರದ ಹೊತ್ತಿಗೆ ತಲುಪಿದರೆ ಸಾಕು, ಆ ದಿನ ಬಂದು ಕಾರು ಒಯ್ಯುತ್ತಾರೆ. ಬರುವುದನ್ನು ಮಗುವಿನ ಹೆಸರಿಗೆ ಹಾಕುತ್ತೇನೆ.

ನಿನ್ನ ತಾಯಿ ಎಲ್ಲ ಹೇಳಿದರು. ಬರುವ ತಿಂಗಳು ನಿನ್ನ ಮದುವೆಯಂತೆ, ಸರಳವಾಗಿ ಮಾಡುತ್ತೀರಂತೆ. ನನಗೆ ಹೇಳಲು ನೀನು ಹಿಂಜರಿದೆಯಂತೆ. ಯಾಕಮ್ಮ ಹಿಂಜರಿಯಬೇಕು? ಅವನಿಗೆ ನೀನು ಮಾಡಿದ ಸೇವೆಯನ್ನು ಕಣ್ಣಾರೆ ಕಂಡವಳು ನಾನು. ನಿನ್ನ ಕೈಹಿಡಿಯುವವರು ಒಳ್ಳೆಯವರಂತೆ, ಮಗುವನ್ನು ಹಚ್ಚಿಕೊಂಡಿದ್ದಾರಂತೆ. ಅಷ್ಟಿದ್ದರೆ ಸಾಕು. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ನಗುವಾಗ ಯಾರಿಗೂ ಹೆದರಬೇಡ. ನಿನ್ನ ಬಾಳು ತಣ್ಣಗಿರಲಿ.

ಇಂತು,
ನಿನ್ನ ಅತ್ತಿಗೆ

ತಾ.ಕ. ಮಡಿಸಿಟ್ಟ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಮೊನ್ನೆ ಫೋನ್ ಮಾಡಿದಾಗ ಮಗು ಎತ್ತಿಕೊಂಡಿತ್ತು, ನೀನು ಅಂಗಡಿಗೆ ಹೋಗಿದ್ದೆಯಂತೆ. ಯಾರು ಎಂದಳು. ಅತ್ತೆ ಎಂದೆ. "ಯಾವ ಅತ್ತೆ?" ಎಂದಳು. ಅವಳಿಗೀಗ ಹೊಸ ಮನೆಯ ಕಡೆಯಿಂದಲೂ ಅತ್ತೆಯರಿದ್ದಾರೆ, ಅವಳದೇನು ತಪ್ಪು. ಅಪ್ಪನ ಕಾರು ಇದೆಯಲ್ಲ, ಆ ಕಾರಿನ ಅತ್ತೆ ಎಂದೆ. "ಓ, ಕಾರಿನ ಅತ್ತೆ" ಎಂದು ನಕ್ಕಳು, ಗುರುತು ಸಿಕ್ಕಿತು. ಶನಿವಾರ ಕಳೆದ ಮೇಲೆ ಅವಳು ಮತ್ತೆ ಕೇಳಿದರೆ ನಾನು ಯಾರೆಂದು ಹೇಳಲಿ, ಪುಟ್ಟಿ?